ಎರಡು ಚಮಚ ದೃಢೋಜೆನ್

ಜೂನ್ 14, 1988, ಮಂಗಳವಾರ

ಎರಡನೇ ಮಹಡಿಯ ಮೆಟ್ಟಿಲ ಮೇಲೆ ಟಾಂಕಿಯ ನೀರು ಸೋರುತ್ತಿದೆ ಎಂದು ಈ ಬಿಲ್ಡಿಂಗಿನ ಸೆಕ್ರೆಟರಿಗೆ ಮೂರು ಸಲ ಬರೆದುಕೊಟ್ಟಿದ್ದೆ. ಮೂರು ಸಲವೂ "ಹೋ ಜಾಯೇಗಾ ಮೂರ್ತಿಜೀ", ಆಗುತ್ತೆ ಬಿಡಿ, ಎಂದ. ಆಯಿತಲ್ಲ ಈಗ. ನಿನ್ನೆ ಬೆಳಿಗ್ಗೆ ಪೂಜೆಗೆ ಹೂ ತರಲು ಇಳಿಯುತ್ತಿದ್ದ ಅಮ್ಮ ಅಲ್ಲೇ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಸೆಕ್ರೆಟರಿ ಸಂಜೆ ಎಳನೀರು ಹಿಡಿದುಕೊಂಡು ನೋಡಲು ಬಂದ. ಅದೇ ಎಳನೀರನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಸಯನ್ ಸರ್ಕಲ್ ಹತ್ತಿರದ ಮೂಳೆ ಡಾಕ್ಟರು ಪ್ಲಾಸ್ಟರ್ ಹಾಕಿದ್ದಾರೆ. ಆರು ವಾರ. ಅರವತ್ತಾರು ವರ್ಷಕ್ಕೆ ಮೂಳೆ ಸವೆದಿದೆ, ಊಟದಲ್ಲಿ ಸತ್ವ ಸಾಲದು ಎಂದರು. ಸತ್ವ ಎಲ್ಲಿಂದ ಬರಬೇಕು? ಅಮ್ಮ ಹೋಟೆಲಿನದು ಮುಟ್ಟುವುದಿಲ್ಲ. ಮೊಟ್ಟೆ ಹಾಕಿರುತ್ತಾರೇನೋ ಎಂದು ಬ್ರೆಡ್ಡೂ ಇಲ್ಲ, ಬಿಸ್ಕತ್ತೂ ಇಲ್ಲ. ಮೀನೆಣ್ಣೆ ಮಾತ್ರೆಯ ಹೆಸರು ಎತ್ತಿದರೆ ಎದ್ದುಹೋಗಿ ಕೈ ತೊಳೆದು ಬರುತ್ತಾಳೆ. ಅವಳ ಕೂದಲು ಬಾಚಣಿಗೆ ತುಂಬ ಬರುತ್ತದೆ, ಉಗುರು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಏಳುತ್ತದೆ.

ಸದ್ಯ, ನಮ್ಮ ಕಂಪನಿಯ ದೃಢೋಜೆನ್ ಇದೆ. ಏಪ್ರಿಲ್‌ನಿಂದ ನಾನೇ ಡಾಕ್ಟರುಗಳಿಗೆ ವಿವರಿಸುತ್ತಿರುವ ಪುಡಿ. ಕೊಲಾಜೆನ್ ಎಂಬ ಪ್ರೋಟೀನ್ ಇರುವುದು; ಚರ್ಮ, ಕೂದಲು, ಉಗುರು, ಮೂಳೆ ನಾಲ್ಕಕ್ಕೂ ಒಂದೇ. ಬೆಚ್ಚನೆಯ ಹಾಲಿಗೆ ಎರಡು ಚಮಚ, ಎರಡು ಹೊತ್ತು. ಬೆಳಿಗ್ಗೆ ನಾನು ಕುಡಿಸುವುದು, ಸಂಜೆ ಬ್ಯಾಂಕಿನಿಂದ ಬಂದಮೇಲೆ ಸುಮಿತ್ರಾ ಎಂದು ಗಂಡಹೆಂಡಿರು ಹಂಚಿಕೊಂಡಿದ್ದೇವೆ.

ಹನ್ನೊಂದು ವರ್ಷದಿಂದ ಮೆಡಿಕಲ್ ರೆಪ್ ಆಗಿದ್ದೇನೆ. ಬೇರೆ ಕಂಪನಿಗಳ ರೆಪ್‌ಗಳು ಬಾಯಿಗೆ ಬಂದದ್ದು ಹೇಳಿ ಮಾರುತ್ತಾರೆ. ನಾನು ಒಬ್ಬ ಡಾಕ್ಟರಿಗೂ ಒಂದು ಸುಳ್ಳು ಹೇಳಿದವನಲ್ಲ.

ಜೂನ್ 22, ಬುಧವಾರ

ಪೆನ್ನಿನ ಮೊನೆ ಕಾಗದ ಹರಿಯುತ್ತಿದೆ. ಸಿಟ್ಟಿಗೆ.

ಇವತ್ತು ಕಾಂದಿವಲಿಯ ಪ್ಯಾಕಿಂಗ್ ಯೂನಿಟ್ಟಿಗೆ ಸ್ಯಾಂಪಲ್ ತರಲು ಹೋಗಿದ್ದೆ. ಅಲ್ಲಿನ ಸೂಪರ್‌ವೈಸರ್ ಶಂಕ್ರೆಪ್ಪ, ಬಾಗಲಕೋಟೆ ಕಡೆಯವರು, ಗೋಣಿಚೀಲದಿಂದ ಹಳದಿ ಹರಳನ್ನು ಸುರಿಸಿ ಪುಡಿ ಮಾಡಿಸುತ್ತಿದ್ದರು. ಸುಮ್ಮನೆ ಮಾತಿಗೆ "ಯಾವ ಗಿಡದ್ದು ಇದು?" ಎಂದೆ. ಅಮ್ಮ ಹಾಲಿನಲ್ಲಿ ಕುದಿಸಿ ಮಾಡುವ ಚೈನಾ ಗ್ರಾಸ್ ಇದೆಯಲ್ಲ, ಕಡಲ ಪಾಚಿಯದು, ಇದೂ ಅದರ ಅಣ್ಣನೋ ತಮ್ಮನೋ ಇರಬೇಕು ಎಂದುಕೊಂಡಿದ್ದೆ. ನಾನು ಓದಿದ್ದು ಬಾಟನಿ; ನನಗೆ ಎಲ್ಲವೂ ಗಿಡವೇ.

ಶಂಕ್ರೆಪ್ಪ ಮೂಗಿಗೆ ಕಟ್ಟಿದ ಬಟ್ಟೆ ಕಳಚುವ ಹಾಗೆ ನಕ್ಕರು.

"ಏನ್ರೀ ಮೂರ್ತಿಯವರ, ಮೂರು ತಿಂಗಳಾತು ಮಾರಾಕತ್ತೀರಿ, ಗೊತ್ತಿಲ್ಲೇನ್ರೀ? ಎಲುಬು ಐತ್ರೀ ಇದು. ದನದ್ದು, ಎಮ್ಮೀದು. ಎಲುಬನ್ನ ಆಸಿಡ್‌ನ್ಯಾಗ ನೆನಿಸಿ, ಸುಣ್ಣದ ನೀರಾಗ ಇಟ್ಟು, ಕುದಿಸಿ ಬಸೀತಾರ. ಅದು ಒಣಗಿದ್ರ ಇದು."

ನನ್ನ ಮುಖ ನೋಡಿ ಅವರಿಗೆ ಇನ್ನೂ ಹುರುಪು ಬಂತು.

"ಇಷ್ಟು ವರ್ಷ ಕ್ಯಾಪ್ಸೂಲ್ ಮಾರೀರಲ್ರೀ, ಅದರ ಮ್ಯಾಲಿನ ಸಿಪ್ಪಿ ಎದರದು ಅಂತ ತಿಳ್ದಿದ್ರಿ? ಅದೂ ಇದ!"

ಸ್ಯಾಂಪಲ್ ತೆಗೆದುಕೊಳ್ಳದೆ ಬಂದುಬಿಟ್ಟೆ. ಲೋಕಲ್ ರೈಲಿನಲ್ಲಿ ಕೂರಲು ಜಾಗ ಸಿಕ್ಕಿತ್ತು. ಕೂತರೂ ನಿಂತ ಹಾಗೇ ಇತ್ತು. ಒಂಬತ್ತು ದಿನ. ಹಬ್ಬದ ದಿನ ಒಗೆದು ಒಣಗಿಸಿದ ಸೀರೆಯನ್ನು ಯಾರಾದರೂ ಮುಟ್ಟಿದರೆ ಮತ್ತೆ ಒಗೆಯುವವಳಿಗೆ ಒಂಬತ್ತು ದಿನದಿಂದ ದನದ ಮೂಳೆಯನ್ನು ಕುಡಿಸುತ್ತಿದ್ದೇನೆ. ಡಬ್ಬದ ಮೇಲೆ ಒಂದು ಮಾತು ಬರೆಯಲು ಇವರಿಗೇನು ಕಷ್ಟ? ಜನರ ಹೊಟ್ಟೆಗೆ ಏನು ಹೋಗುತ್ತಿದೆ ಎಂದು ಜನರಿಗೆ ಗೊತ್ತಾಗಬಾರದೆ? ಇದು ಮೋಸ. ಹಗಲು ಮೋಸ.

ನಾಳೆ ಬೆಳಿಗ್ಗೆ ಮೊದಲು ಅಮ್ಮನಿಗೆ ಹೇಳುತ್ತೇನೆ. ಆಮೇಲೆ ಕಂಪನಿಗೆ.

ಜೂನ್ 23

ಕಂಪನಿಗೆ ಬರೆದೆ. ಎರಡು ಪುಟ, ಟೈಪ್ ಮಾಡಿಸಿ. "ಮೂಲವನ್ನು ಡಬ್ಬದ ಮೇಲೆ ಮುದ್ರಿಸದಿದ್ದರೆ ಇದನ್ನು ಮಾರುವುದು ನನ್ನ ಮನಸ್ಸಾಕ್ಷಿಗೆ ಒಪ್ಪದು" ಎಂದು ಮುಗಿಸಿದ್ದೇನೆ. ಈ ವಾಕ್ಯಕ್ಕೆ ಎರಡು ಸಲ ಗೆರೆ ಎಳೆದೆ.

ಅಮ್ಮನಿಗೆ ಹೇಳಲಿಲ್ಲ. ಬೆಳಿಗ್ಗೆ ಎದ್ದಾಗ ಅವಳ ಬೆರಳುಗಳು ಊದಿದ್ದವು, ಇಡೀ ರಾತ್ರಿ ನಿದ್ದೆ ಇರಲಿಲ್ಲವಂತೆ. ಎಡಗೈಯಲ್ಲಿ ವಿಭೂತಿ ಇಟ್ಟುಕೊಳ್ಳಲು ಹೋಗಿ ಮೂಗಿನ ಮೇಲೆಲ್ಲ ಮಾಡಿಕೊಂಡಿದ್ದಳು. ಅಂಥ ಹೊತ್ತಿನಲ್ಲಿ ಹೇಳಿದರೆ ಪ್ರಾಯಶ್ಚಿತ್ತ, ಉಪವಾಸ ಎಂದು ಕೂರುತ್ತಾಳೆ; ಕೂಡಬೇಕಾದ ಮೂಳೆ ಕೂಡುವುದಿಲ್ಲ. ಪುಡಿ ಮುಗಿದಿದೆ ಎನ್ನೋಣ ಎಂದುಕೊಂಡೆ. ಡಬ್ಬ ಅವಳ ಕಣ್ಣೆದುರೇ ಇತ್ತು.

ಸುಮಿತ್ರಾಗೂ ಹೇಳಿಲ್ಲ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ಪ್ಲಾಸ್ಟರ್ ಬಿಚ್ಚಲಿ. ಅದೇ ದಿನ ಹೇಳುತ್ತೇನೆ.

ಜುಲೈ 2, ಶನಿವಾರ

ನಮ್ಮ ಏರಿಯಾ ಮ್ಯಾನೇಜರ್ ರಮಾನಾಥರು ಕರೆಸಿದ್ದರು. ಆಫೀಸಿಗಲ್ಲ, ಮಾಟುಂಗಾ ಸ್ಟೇಷನ್ ಎದುರಿನ ಹೋಟೆಲಿಗೆ. ಮಂಗಳೂರಿನವರು, ಬೈಯುವುದಿದ್ದರೂ ತಿಂಡಿ ಕೊಡಿಸಿ ಬೈಯುತ್ತಾರೆ. ಮುಂದೆ ಗೋಳಿಬಜೆ, ಪಕ್ಕದಲ್ಲಿ ನನ್ನ ಕಾಗದ.

"ಎಂತ ಮಾರಾಯ್ರೇ ಇದು, ಇಷ್ಟು ಉದ್ದ? ನಾನು ಮೀನು ತಿನ್ನುವವ, ನನಗೆ ಇದರ ಸಂಕಟ ಗೊತ್ತಾಗುವುದಿಲ್ಲ, ಒಪ್ಪಿದೆ. ಆದರೆ ನೀವು ಮಾರುವುದು ಡಾಕ್ಟ್ರಿಗೆ, ಮಠಕ್ಕೆ ಅಲ್ಲ ಅಲ್ವಾ?"

"ಕುಡಿಯೋವ್ರಿಗೆ ಗೊತ್ತಿರಬೇಡ್ವಾ ಸಾರ್?"

"ಕೇಳಿದವರಿಗೆ ಹೇಳಿ. ಕೇಳದವರ ಹಿಂದೆ ಓಡಿಕೊಂಡು ಹೋಗಿ ಯಾಕೆ ಹೇಳಬೇಕು? ನೀವು ಸುಳ್ಳು ಹೇಳಬೇಡಿ. ನ್ಯಾಚುರಲ್ ಅಂತ ಹೇಳಿ. ಅದು ನ್ಯಾಚುರಲ್ಲೇ ಅಲ್ವಾ?"

ಎಂಥ ನಾಲಿಗೆ! ಎಲುಬಿಲ್ಲದ್ದು ಅದೊಂದೇ, ಆ ಪುಡಿಯಲ್ಲೂ ಎಲುಬಿದೆ. ಗೋಳಿಬಜೆಯನ್ನು ಹಾಗೇ ಬಿಟ್ಟು ಎದ್ದುಬಂದೆ. ಒಂದು ತಿಂದಿದ್ದೆ, ಅಷ್ಟೇ.

ಜುಲೈ 9

ಇಲ್ಲ. ಹೇಳಿಲ್ಲ.

ಜುಲೈ 15, ಶುಕ್ರವಾರ

ವಿಕ್ರೋಳಿಯಲ್ಲಿ ಕಾರ್ಖಾನೆ ಕಾಲೊನಿಯ ಪಕ್ಕದ ಔಷಧ ಅಂಗಡಿ. ಮಾಲೀಕ ಗುಜರಾತಿ, ಜೈನರವನು. ಡಬ್ಬ ತಿರುಗಿಸಿ ಮುರುಗಿಸಿ ನೋಡಿ "ಶುದ್ಧ್ ಹೈ ನ? ಹಮಾರೇ ಲೋಗ್ ಪೂಛತೇ ಹೈಂ" ಎಂದ; ಶುದ್ಧ ತಾನೆ, ನಮ್ಮ ಜನ ಕೇಳುತ್ತಾರೆ ಎಂದು. ನಾನು "ದೂಧ್ ಜೈಸಾ ಸಹಜ್ ಹೈ" ಎಂದೆ. ಹಾಲಿನಷ್ಟು ಸಹಜ. ಅದು ಹಾಗೇ ಬಾಯಿಗೆ ಬಂತು. ಒಂದು ಡಜನ್ ಆರ್ಡರ್ ಬರೆದ.

ಇದರಲ್ಲಿ ಸುಳ್ಳಿಲ್ಲ. ಹಾಲೂ ದನದ್ದು, ಇದೂ ದನದ್ದು. ಎರಡೂ ಸಹಜ. ಅವನು ನೇರವಾಗಿ "ಮೂಳೆಯದೇ?" ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದೆ. ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡು ಎಂದು ಯಾವ ಶಾಸ್ತ್ರದಲ್ಲಿದೆ?

ರಮಾನಾಥರ ಲೆಕ್ಕಾಚಾರವೇ ಬೇರೆ. ಅದು ಜಾಣತನದ ಸುಳ್ಳು. ಇದು ಹಾಗಲ್ಲ.

ಜುಲೈ 26, ಮಂಗಳವಾರ

ಪ್ಲಾಸ್ಟರ್ ಬಿಚ್ಚಿದರು. ಕೈ ಬೆಳ್ಳಗೆ ಸೊರಗಿದೆ, ಆದರೆ ನೆಟ್ಟಗಿದೆ. ಅಮ್ಮ ಬೆರಳು ಮಡಿಸಿ ಬಿಡಿಸಿ ಮಾಡುತ್ತ ಡಾಕ್ಟರಿಗೆ, "ನನ್ನ ಮಗ ಕೊಟ್ಟ ಪುಡಿ ಕಣ್ರೀ, ಅದರಿಂದಲೇ" ಎಂದಳು. ಕನ್ನಡ ಬಾರದ ಅವರು ನನ್ನ ಮುಖ ನೋಡಿದರು. ನಾನು ಹಿಂದಿಯಲ್ಲಿ ಹೇಳಿದೆ. ಅವರು ನಕ್ಕು ನನಗೆ ಮಾತ್ರ ಕೇಳುವ ಹಾಗೆ, "ಛೇ ಹಫ್ತೇ ಮೇ ಹಡ್ಡೀ ಅಪನೇ ಆಪ್ ಜುಡ್ ಜಾತೀ ಹೈ ಮೂರ್ತಿಸಾಬ್, ಪೌಡರ್ ದೋ ಯಾ ನ ದೋ" ಎಂದರು. ಪುಡಿ ಕೊಟ್ಟರೂ ಕೊಡದಿದ್ದರೂ ಆರು ವಾರಕ್ಕೆ ಮೂಳೆ ತಾನಾಗಿ ಕೂಡುತ್ತದಂತೆ.

ಮೈ ಉರಿಯಿತು. ಹಾಗಿದ್ದಮೇಲೆ ಚೀಟಿಯಲ್ಲಿ ವಾರಕ್ಕೆ ಹತ್ತು ಜನಕ್ಕೆ ಯಾಕೆ ಬರೆಯುತ್ತೀರಿ? ನಾನು ಬಂದು ಕೂತು ವಿವರಿಸುತ್ತೇನೆ ಎಂಬ ಕಾರಣಕ್ಕೇ? ಇಂಥ ಡಾಕ್ಟರುಗಳಿಂದಲೇ ದೇಶ ಹೀಗಾಗಿದೆ. ಒಬ್ಬರಿಗೂ ತಾವು ಮಾಡುವ ಕೆಲಸದ ಮೇಲೆ ನಂಬಿಕೆಯಿಲ್ಲ.

ಇವತ್ತು ಹೇಳುವ ದಿನ. ಮನೆಗೆ ಬಂದ ಕೂಡಲೇ ಅಮ್ಮ ಬಲಗೈಯಲ್ಲೇ ದೀಪ ಹಚ್ಚಿದಳು. ಆರು ವಾರದ ಮೇಲೆ. ಕಣ್ಣಲ್ಲಿ ನೀರು. ಆಗ ಹೇಗೆ ಹೇಳುವುದು? ಆಮೇಲೆ ಉಗುರು ತೋರಿಸಿದಳು. "ನೋಡೋ, ಸಿಪ್ಪೆ ಏಳೋದು ನಿಂತಿದೆ." ನಿಂತಿರುವುದು ನಿಜ. ಮೊನ್ನೆ ಏಕಾದಶಿಯ ಉಪವಾಸದಲ್ಲೂ ಹಾಲಿನ ಜೊತೆ ಅದನ್ನೊಂದು ಬಿಡದೆ ಕುಡಿದಿದ್ದಾಳೆ, ಔಷಧಿಗೆ ದೋಷವಿಲ್ಲ ಎಂದು.

ಈಗ ಕುಡಿಯುವುದನ್ನು ನಿಲ್ಲಿಸಿಬಿಟ್ಟರೆ ಸಾಕಲ್ಲ. ಹಳೆಯದನ್ನು ಕೆದಕಿ ಅವಳ ನೆಮ್ಮದಿ ಕೆಡಿಸುವುದು ಯಾವ ಪುಣ್ಯ? "ಕೈ ಸರಿಹೋಯ್ತಲ್ಲ, ಸಾಕು ಬಿಡಮ್ಮ" ಎಂದೆ. "ಬಿಡೋದ್ಯಾಕೆ, ಇನ್ನೊಂದು ಕೈಯೂ ಇದೆಯಲ್ಲ" ಎಂದಳು.

ಆಗಸ್ಟ್ 6, ಶನಿವಾರ

ಭಜನಾ ಮಂಡಳಿಯವರು ನಮ್ಮ ಮನೆಗೆ ಬಂದಿದ್ದರು. ವನಮಾಲಮ್ಮನವರು, ಇನ್ನೂ ನಾಲ್ವರು. ಎಲ್ಲರೂ ಅಮ್ಮನ ಓರಗೆಯವರು, ಎಲ್ಲರಿಗೂ ಮಂಡಿ ನೋವು. ನಾನು ಒಳಗಿದ್ದೆ.

"ಏನ್ರೀ ರಮಾಮಣಿ, ಕೂದಲು ಮತ್ತೆ ದಪ್ಪ ಆಗಿದೆಯಲ್ರೀ?"

"ನನ್ನ ಮಗನ ಕಂಪನಿದು ಕಣ್ರೀ. ಹಾಲಿನ ಹಾಗೇ ಅಂತೆ. ಅವನು ತಂದುಕೊಟ್ಟ ಮೇಲೆ ನಾನು ಎರಡನೇ ಮಾತು ಆಡ್ಲಿಲ್ಲ."

ಹಾಲಿನ ಹಾಗೇ ಎಂದು ಅಮ್ಮನಿಗೆ ನಾನು ಯಾವಾಗ ಹೇಳಿದೆ? ಹೇಳಿದ್ದಿರಬೇಕು. ಐದು ಡಬ್ಬ ಕೊಟ್ಟು ಕಳಿಸಿದಳು. ಎಲ್ಲ ನನ್ನ ಸ್ಯಾಂಪಲ್. ಬ್ಯಾಗಿನಿಂದ ಕೇಳದೆ ತೆಗೆದುಕೊಂಡಿದ್ದಾಳೆ! ಕೂಗಾಡಿದೆ. "ಕಂಪನಿ ಸ್ಯಾಂಪಲ್ಲಿಗೆ ನಾನು ಜವಾಬು ಕೊಡಬೇಕು ಗೊತ್ತಾ?" ಅಮ್ಮ ಮುಖ ಸಣ್ಣದು ಮಾಡಿಕೊಂಡು, "ತಪ್ಪಾಯ್ತಪ್ಪ, ಮುಂದೆ ಕೇಳಿ ತೊಗೋತೀನಿ" ಎಂದಳು. ಸುಮಿತ್ರಾ ಅಡಿಗೆಮನೆಯಿಂದ ಹೊರಗೆ ಬಂದು ನನ್ನನ್ನು ನೋಡಿ ಒಳಗೆ ಹೋದಳು. ಇವಳದೊಂದು. ಮನೆಯಲ್ಲಿ ನನ್ನ ಕಷ್ಟ ಯಾರಿಗೂ ಬೇಡ.

ಆಗಸ್ಟ್ 17

ಹೊಸ ಲೀಫ್‌ಲೆಟ್ ಬಂತು. ಮೇಲುಗಡೆ ದಪ್ಪ ಅಕ್ಷರದಲ್ಲಿ "ಹಾಲಿನಷ್ಟು ಸಹಜ". ಹಿಂದಿ, ಮರಾಠಿ, ಗುಜರಾತಿ, ಇಂಗ್ಲಿಷ್ ನಾಲ್ಕರಲ್ಲೂ. ಕಳೆದ ಮೀಟಿಂಗಿನಲ್ಲಿ ವಿಕ್ರೋಳಿ, ಘಾಟ್‌ಕೋಪರ್ ಕಡೆ ಹೇಗೆ ಇಷ್ಟು ಹೋಗುತ್ತಿದೆ ಎಂದು ಕೇಳಿದಾಗ ನಾನೇ ಹೇಳಿದ ಮಾತು. ರಮಾನಾಥರು ಆಗ ಬರೆದುಕೊಂಡಿದ್ದರು. ಈಗ ಅವರದೇ ಐಡಿಯಾ ಎಂದು ಹೆಡ್ ಆಫೀಸಿನಲ್ಲಿ ಶಹಭಾಸ್ ಸಿಕ್ಕಿದೆಯಂತೆ. ನನ್ನ ಹೆಸರು ಒಂದು ಕಡೆಯೂ ಇಲ್ಲ!

ಎಂಥ ಅಪ್ರಾಮಾಣಿಕರ ನಡುವೆ ಕೆಲಸ ಮಾಡುತ್ತಿದ್ದೇನೆ ನಾನು.

ಆಗಸ್ಟ್ 28, ಭಾನುವಾರ

ಇದನ್ನು ಬರೆಯಬೇಕೋ ಬೇಡವೋ ತಿಳಿಯುತ್ತಿಲ್ಲ.

ಮಾರ್ಕೆಟ್ಟಿನಿಂದ ತರಕಾರಿ ತಂದಾಗ ಹತ್ತೂವರೆ. ಅಮ್ಮ ಇರಲಿಲ್ಲ. "ಸುಬ್ಬಯ್ಯ ಮಾಮನ ಮನೆಗೆ ಹೋದ್ರು. ಅವರಿಗೆ ಸೊಂಟ ಹಿಡ್ಕೊಂಡಿದೆಯಂತೆ, ಡಬ್ಬ ಕೊಟ್ಟು ಬರ್ತೀನಿ ಅಂದ್ರು" ಎಂದಳು ಸುಮಿತ್ರಾ.

ಚೀಲವನ್ನು ಅಲ್ಲೇ ಬಿಟ್ಟು ಓಡಿದೆ. ಮಾಟುಂಗಾದ ವೆಂಕಟಸುಬ್ಬಯ್ಯನವರಿಗೆ ಎಂಬತ್ತೊಂದು. ನಮ್ಮ ತಂದೆಯ ಶ್ರಾದ್ಧಕ್ಕೆ ಮಂತ್ರ ಹೇಳುವವರು. ನಲವತ್ತು ವರ್ಷದಿಂದ ತಾವೇ ಬೇಯಿಸಿಕೊಂಡು ಉಣ್ಣುವ ವ್ರತ. ಸ್ವಂತ ಮಗಳ ಮನೆಯಲ್ಲೂ ಅನ್ನ ಮುಟ್ಟಿದವರಲ್ಲ. ಬಸ್ಸಿಗೆ ಕಾಯದೆ ಟ್ಯಾಕ್ಸಿ ಹಿಡಿದೆ. ಕಿಂಗ್ಸ್ ಸರ್ಕಲ್ ಸಿಗ್ನಲ್ಲಿನಲ್ಲಿ ನಿಂತಾಗ ಟ್ಯಾಕ್ಸಿಯವನ ಮೇಲೆ ರೇಗಿದೆ, ಸಿಗ್ನಲ್ ಅವನೇ ಕೆಂಪು ಮಾಡಿದ ಹಾಗೆ.

ಒಲೆಯ ಮೇಲೆ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಬಿಸಿಯಾಗುತ್ತಿತ್ತು. ಡಬ್ಬದ ಮುಚ್ಚಳ ತೆಗೆದು ಇಟ್ಟಿತ್ತು. ಅಮ್ಮ ದೂರದಲ್ಲಿ ಮಣೆಯ ಮೇಲೆ ಕೂತು, "ಎರಡು ಚಮಚ, ತುಂಬ ಬಿಸಿ ಬೇಡ" ಎನ್ನುತ್ತಿದ್ದಳು. ಮಾಮ ಚಮಚ ತೊಳೆಯುತ್ತಿದ್ದರು.

"ಬೇಡ ಮಾಮ, ಹಾಕ್ಕೋಬೇಡಿ."

"ಯಾಕೋ ಕೇಶವ? ಹೀಗೆ ಏದುಸಿರು ಬಿಟ್ಕೊಂಡು ಬಂದಿದ್ದೀಯ?"

"ಅದು ಮೂಳೆಯಿಂದ ಮಾಡಿದ್ದು ಮಾಮ. ದನದ ಮೂಳೆ."

ಮಾಮ ಒಲೆ ಆರಿಸಿದರು, ಡಬ್ಬದ ಮುಚ್ಚಳ ಹಾಕಿದರು, ಮತ್ತೆ ಕೈ ತೊಳೆದರು. "ನನ್ನ ಹೊಟ್ಟೆಗೆ ಹೋಗ್ಲಿಲ್ಲವಲ್ಲ, ಬಿಡಪ್ಪ" ಎಂದರು. ಆಮೇಲೆ ಅಮ್ಮನ ಕಡೆ ತಿರುಗಿ, "ರಮಾಮಣಿ, ನೀನು ಗೊತ್ತಿಲ್ಲದೆ ಕುಡಿದದ್ದು. ಅದಕ್ಕೆ ಕೊರಗಬೇಡ" ಎಂದರು.

ಅಮ್ಮ ಮಾಮನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು.

"ನಿನಗೆ ಯಾವತ್ತು ಗೊತ್ತಾಯ್ತೋ?"

ಇವತ್ತು ಬೆಳಿಗ್ಗೆ ಎನ್ನಬಹುದಿತ್ತು. ಅದೂ ಬಾಯಿಯ ತುದಿಯವರೆಗೆ ಬಂದಿತ್ತು. ಯಾಕೋ ಹೊರಗೆ ಬರಲಿಲ್ಲ.

"ಜೂನ್ ಇಪ್ಪತ್ತೆರಡು."

"ಪ್ಲಾಸ್ಟರ್ ಹಾಕಿ ಹತ್ತು ದಿನಾನೂ ಆಗಿರ್ಲಿಲ್ಲ."

"ಹೂಂ."

"ಆಮೇಲೂ ದಿನಾ ಬೆಳಿಗ್ಗೆ ನೀನೇ ಲೋಟ ಹಿಡಿದು ಕುಡಿಸ್ತಿದ್ಯಲ್ಲೋ."

ಅಷ್ಟೇ ಅಂದದ್ದು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಸಯನ್‌ವರೆಗೂ ಕಂಬಿ ಹಿಡಿದು ನಿಂತೇ ಬಂದಳು.

ಆಗಸ್ಟ್ 30

ಸುಮಿತ್ರಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡುವ ಮೊದಲು ಆಡಿದ್ದು ಇಷ್ಟು: "ಪ್ರತಿ ಸಂಜೆ ನನ್ನ ಕೈಯಾರೆ ಕಲಸಿ ಕೊಟ್ಟಿದ್ದೀನಿ. ನನಗಾದ್ರೂ ಹೇಳಬಾರದಿತ್ತಾ? ಅವರಿಗೆ ಮಾತ್ರ ಅಲ್ಲ ರೀ, ನನ್ನ ಕೈಲೂ ಮಾಡಿಸಿದಿರಿ."

ಸರಿ, ನಾನೇ ಖಳನಾಯಕ. ಡಬ್ಬದ ಮೇಲೆ ಬರೆಯದ ಕಂಪನಿ ಸಾಚಾ. ನಂಬಿಕೆಯಿಲ್ಲದೆ ಚೀಟಿ ಬರೆಯುವ ಡಾಕ್ಟರು ಸಾಚಾ. ಗೋಳಿಬಜೆ ತಿನ್ನಿಸಿ ಬುದ್ಧಿ ಹೇಳಿದ ರಮಾನಾಥರು ಸಾಚಾ. ಅಮ್ಮನ ಕೈ ವಾಸಿಯಾಗಲಿ ಎಂದು ಒದ್ದಾಡಿದವನು ಮಾತ್ರ ಕೆಟ್ಟವನು. ಅವಳು ಕೊರಗಬಾರದು ಎಂದೇ ಅಲ್ಲವೆ ಬಾಯಿ ಮುಚ್ಚಿಕೊಂಡದ್ದು? ನನಗೇನು ಸುಖವಿತ್ತೆ ಅದರಲ್ಲಿ?

ಅಮ್ಮ ನಿನ್ನೆ ಪಂಚಗವ್ಯ ತೆಗೆದುಕೊಂಡು, ಮಧ್ಯಾಹ್ನ ಐದೂ ಮನೆಗೆ ತಾನೇ ಹೋಗಿ ಡಬ್ಬ ವಾಪಸ್ ತಂದಿದ್ದಾಳೆ. "ನಾನು ವಿಚಾರಿಸದೆ ಕೊಟ್ಟೆ, ನನ್ನಿಂದ ತಪ್ಪಾಯ್ತು" ಎಂದು ವನಮಾಲಮ್ಮನವರ ಕೈ ಹಿಡಿದುಕೊಂಡಳಂತೆ. ನನ್ನ ಹೆಸರು ಎತ್ತಲೇ ಇಲ್ಲವಂತೆ. ಎತ್ತಬಾರದಾಗಿತ್ತೆ? ಬೈದುಬಿಡಬಾರದಾಗಿತ್ತೆ?

ಸೆಪ್ಟೆಂಬರ್ 2

ವಿಕ್ರೋಳಿಗೆ ಹೋಗಿ ಆ ಅಂಗಡಿಯವನಿಗೆ ಹೇಳಿದೆ. ಮೂಳೆಯದು, ಹಾಲಿನದಲ್ಲ ಎಂದು. ನಾಲ್ಕು ಜನರ ಎದುರಿಗೆ ಕೈ ಮುಗಿದು "ಔರ್ ಕಭೀ ಮತ್ ಆನಾ", ಇನ್ನೆಂದೂ ಬರಬೇಡ, ಎಂದ. ಉಳಿದ ಡಬ್ಬಗಳನ್ನು ಹೊತ್ತುಕೊಂಡು ಬಂದೆ. ನಾಳೆ ಇನ್ನೂ ಹದಿನಾಲ್ಕು ಅಂಗಡಿ ಇದೆ. ರಮಾನಾಥರಿಗೆ ಸುದ್ದಿ ಮುಟ್ಟಿದ ದಿನ ಕೆಲಸ ಇರುವುದಿಲ್ಲ. ಆ ಕೆಲಸವೂ ಬೇಡ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ತಲೆಯೆತ್ತದೆ "ಹೂಂ" ಎಂದಳು. ಇಷ್ಟು ಮಾಡಿದ್ದಕ್ಕೆ ಬರೀ "ಹೂಂ".

ಸೆಪ್ಟೆಂಬರ್ 4, ಭಾನುವಾರ

ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಅಮ್ಮನೇ ಅಡಿಗೆ ಮಾಡಿದ್ದಳು, ಬಲಗೈಯಲ್ಲೇ ಬಡಿಸಿದಳು. ನನಗೂ ಬಡಿಸಿದಳು, ತುಪ್ಪವನ್ನೂ ಹಾಕಿದಳು. ಇನ್ನು ಎಲ್ಲ ಸರಿಹೋಯಿತು ಅಂದುಕೊಂಡೆ.

ಊಟದ ನಡುವೆ ಅವಳಿಗೆ ಬಿಕ್ಕಳಿಕೆ ಹತ್ತಿತು. ನಿಲ್ಲಲಿಲ್ಲ. ನಾನು ಎದ್ದು ಎಡಗೈಯಲ್ಲಿ ಲೋಟಕ್ಕೆ ನೀರು ಬಗ್ಗಿಸಿ ತಂದು ಅವಳ ಮುಂದೆ ಹಿಡಿದೆ.

ಅಮ್ಮ ಲೋಟ ತೆಗೆದುಕೊಂಡಳು. ಕುಡಿಯಲಿಲ್ಲ. ಒಳಗೆ ನೋಡಿದಳು.

"ನೀರು ಕಣಮ್ಮ" ಎಂದೆ.

ಮತ್ತೊಂದು ಬಿಕ್ಕಳಿಕೆ ಬಂತು. ಲೋಟವನ್ನು ಹಾಗೇ ಹಿಡಿದುಕೊಂಡು ಅಮ್ಮ ಸುಮಿತ್ರಾಳ ಕಡೆ ತಿರುಗಿದಳು.

"ನೀರೇ ಏನಮ್ಮಾ?"

"ಹೌದು ಅತ್ತೆ. ನೀರೇ, ನಾನು ನೋಡ್ದೆ."

ಆಮೇಲೆ ಕುಡಿದಳು.